ಬೇರಿಂಗಿನ ಮೇಲೆ ಕೇಶವನಾಮ

ಗದಗಿನ ಹುಚ್ಚೀರಪ್ಪ ಸಾವಕಾರರ ಕಟ್ಟಿಗೆ ಗಿರಣಿಯಲ್ಲಿ ದೊಡ್ಡ ಗರಗಸದ ಮುಂದೆ ನಿಂತು ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ಆ ಗದ್ದಲಕ್ಕೆ ನನ್ನ ಎಡಗಿವಿ ಮಂದವಾಯಿತು, ಸಿಟ್ಟು ಮಾತ್ರ ಚುರುಕಾಯಿತು. ಈಗಿನ ಹುಡುಗರು ಗುಂಡಿ ಒತ್ತಿ ಹಲಗೆ ಕೊಯ್ಯುತ್ತಾರೆ. ಯಂತ್ರ ಕಾದರೆ ಅದು ತಾನೇ ನಿಲ್ಲುತ್ತದಂತೆ. ಅದನ್ನು ನನ್ನ ಮುಂದೆ ದೊಡ್ಡದಾಗಿ ಹೇಳಲು ಬರುತ್ತಾರೆ. ನಮ್ಮ ಕಾಲದಲ್ಲಿ ಯಂತ್ರ ಕಾದಿದೆಯೋ ಇಲ್ಲವೋ ಎಂದು ಹೇಳಲು ಲಕ್ಷ್ಮೇಶ್ವರದಿಂದ ಒಬ್ಬರು ಶ್ರೀಪಾದಾಚಾರ್ಯರು ಬರಬೇಕಾಯಿತು. ನಾವೆಲ್ಲ ಅವರನ್ನು ಆಚಾರ್ರು ಅನ್ನುತ್ತಿದ್ದೆವು. ನಾನು ಮುಲ್ಕಿ ಪರೀಕ್ಷೆ ಪಾಸಾದವನು, ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲೆ. ಅವರ ಬಗ್ಗೆ ಬೇರೆ ಯಾರೂ ಬರೆಯುವ ಲಕ್ಷಣ ಕಾಣದ್ದರಿಂದ ನಾನೇ ಬರೆಯುತ್ತಿದ್ದೇನೆ.

ಲಕ್ಷ್ಮೇಶ್ವರ ಆಗ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಆಚಾರ್ರ ಮನೆತನಕ್ಕೆ ಹನುಮಪ್ಪನ ಗುಡಿಯ ಪೂಜೆ. ಪೂಜೆ ಅಣ್ಣ ಗುರುರಾಜಾಚಾರ್ರಿಗೆ ಹೋಯಿತು, ತಮ್ಮನಿಗೆ ಸಂಸ್ಥಾನದ ಕಚೇರಿಯಲ್ಲಿ ಬರವಣಿಗೆಯ ಕೆಲಸ ಸಿಕ್ಕಿತು. ದೇಶಕ್ಕೆ ಸ್ವಾತಂತ್ರ್ಯ ಬಂತು. ಮರುವರ್ಷ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕರಗಿ ಹೋಯಿತು, ಕಚೇರಿಗೆ ಬೀಗ ಬಿತ್ತು. ಉಳಿದ ಗುಮಾಸ್ತರೆಲ್ಲ ಹೊಸ ಸರಕಾರಕ್ಕೆ ಅರ್ಜಿ ಕೊಟ್ಟು ಸೇರಿಕೊಂಡರು. ಆಚಾರ್ರು ಕೊಡಲಿಲ್ಲ. ಜೀವಮಾನವೆಲ್ಲ ಇನ್ನೊಬ್ಬರ ಅರ್ಜಿಗಳನ್ನು ಓದಿದ ಮನುಷ್ಯ, ಅವುಗಳ ಗತಿ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಹೆಂಡತಿ ಸುಂದರಾಬಾಯಿಯನ್ನು ಕರೆದುಕೊಂಡು ಅಣ್ಣನ ಮನೆಯಲ್ಲಿ ಊಟಕ್ಕೆ ಕೂತರು. ಅತ್ತಿಗೆ ಭಾಗೀರಥಿಬಾಯಿ ಕೆಟ್ಟವಳಲ್ಲ. ಮೊದಮೊದಲು ಅನ್ನದ ಚಟ್ಟುಗ ಹಿಡಿದು "ಹಾಕ್ಲೇನು?" ಎಂದು ಕೇಳುತ್ತಿದ್ದಳು. ಬರಬರುತ್ತ ಅದು "ಇನ್ನೂ ಬೇಕೇನು?" ಎಂದಾಯಿತು. ಇನ್ನೊಬ್ಬರ ಮನೆಯಲ್ಲಿ ಉಂಡವರಿಗೆ ಆ ಎರಡು ಮಾತಿನ ನಡುವೆ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ. ಆಚಾರ್ರು ಎರಡನೆಯ ಮಾತು ಕೇಳಿದ ವಾರವೇ ಒಂದು ಟ್ರಂಕು ಹೊತ್ತು, ಹೆಂಡತಿಯೊಡನೆ ಗದಗಿನ ಬಸ್ಸು ಹತ್ತಿದರು. "ಉಪಾಸ ಬಿದ್ರೂ ಅಡ್ಡಿ ಇಲ್ಲ, ಆ ಹೊಸ್ತಿಲಾ ಮತ್ತ ತುಳಿಯಂಗಿಲ್ಲ" ಎಂದು ಅವರು ಹೆಂಡತಿಗೆ ಹೇಳಿದ್ದರಂತೆ. ಬೆಟಗೇರಿಯಲ್ಲಿ ಒಂದು ಕೋಣೆ ಹಿಡಿದರು. ಅಕ್ಷರ ದುಂಡಗಿದ್ದುದರಿಂದ ಸಾವಕಾರರು ಗಿರಣಿಯ ಬರವಣಿಗೆಗೆ ಇಟ್ಟುಕೊಂಡರು.

ಈಗ ಗಿರಣಿಯ ಕಥೆ ಸ್ವಲ್ಪ ಹೇಳಬೇಕು. ಹೊರಗಿನ ತಗಡಿನ ಶೆಡ್ಡಿನಲ್ಲಿ ಆಯಿಲ್ ಎಂಜಿನ್ನು. ಅದರ ಯಜಮಾನ ಮರ್ದಾನಸಾಬ. ಎಂಜಿನ್ನಿನಿಂದ ಒಂದು ಅಗಲ ಚರ್ಮದ ಪಟ್ಟಾ ಒಳಗೆ ಬಂದು, ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿದ್ದ ಕಬ್ಬಿಣದ ಶಾಫ್ಟನ್ನು ತಿರುಗಿಸುತ್ತಿತ್ತು. ಆ ಶಾಫ್ಟಿನಿಂದ ಮತ್ತೆ ಸಣ್ಣ ಪಟ್ಟಾಗಳು ಹೊರಟು ಗರಗಸಗಳನ್ನು ತಿರುಗಿಸುತ್ತಿದ್ದವು. ಪಟ್ಟಾ ಹಾಕುವುದು, ತೆಗೆಯುವುದು, ಹರಿದರೆ ಹೊಲಿಯುವುದು, ಇವೆಲ್ಲ ಹರ್ತಿಯ ಹುಲಗಪ್ಪನ ಕೆಲಸ. ಶಾಫ್ಟು ಕೂತು ತಿರುಗುವ ಜಾಗಗಳೇ ಬೇರಿಂಗುಗಳು. ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಮೆತ್ತಗಿನ ಬಿಳಿ ಲೋಹ, ಮೇಲಿನಿಂದ ಹನಿಹನಿಯಾಗಿ ಬೀಳುವ ಔಡಲ ಎಣ್ಣೆ. ಎಂಜಿನ್ನಿನ ಪಟ್ಟಾ ಬಂದು ಜಗ್ಗುವ ಕಡೆಯ ಬೇರಿಂಗಿಗೆ ಎಲ್ಲಕ್ಕಿಂತ ಹೆಚ್ಚು ಭಾರ. ಮೊದಲು ಕಾದು ಬಿಸಿಯಾಗುವುದೂ ಅದೇ.

ಪರವೂರಿನ ಒಂದು ಗಿರಣಿಯಲ್ಲಿ ಹೀಗೇ ಬೇರಿಂಗು ಕಾದು, ಕೆಳಗೆ ಬಿದ್ದ ಕಟ್ಟಿಗೆಯ ಹೊಟ್ಟಿಗೆ ಬೆಂಕಿ ಹತ್ತಿ, ಮಾಲೆಲ್ಲ ಬೂದಿಯಾಯಿತೆಂಬ ಖಬರ ಬಂತು. ಸಾವಕಾರರು ಅಂದೇ ಮರ್ದಾನಸಾಬನನ್ನು ಕರೆದರು.

"ದಿನಾ ನಾಕ ಸಲ ಕೈ ಇಟ್ಟು ನೋಡಪಾ" ಎಂದರು.

"ನನ್ನ ಕೈ ಸತ್ತಾವ್ರಿ ಸಾವಕಾರ್ರ" ಎಂದು ಮರ್ದಾನಸಾಬ ತನ್ನ ಕರ್ರಗಿನ ಅಂಗೈ ಚಾಚಿದ. "ಎಂಜಿನ್ ಹಿಡದು ಹಿಡದು ಕೆಂಡ ಇಟ್ರೂ ತಿಳಿಯಂಗಿಲ್ಲ. ಜೀವಂತ ಕೈ ಬೇಕ್ರಿ ಇದಕ್ಕ."

ಹುಲಗಪ್ಪನ ಕೈ ನೋಡಿದರು, ಸತ್ತಿತ್ತು. ನನ್ನ ಕೈ ನೋಡಿದರು, ಎಂದೋ ಸತ್ತಿತ್ತು. ಕೊನೆಗೆ ಎಲ್ಲರ ಕಣ್ಣೂ ಮೂಲೆಯ ಮೇಜಿನ ಕಡೆ ಹೋಯಿತು. ಅಲ್ಲಿ ಆಚಾರ್ರು ಲೇಖಣಿ ಹಿಡಿದು ಕೂತಿದ್ದರು. ಗಂಧ ತೇಯ್ದು, ಅಕ್ಷರ ಬರೆದು ಬೆಳೆದ ಕೈ, ಹೊಸ ಬೆಣ್ಣೆಯ ಹಾಗಿತ್ತು. ಬೇರಿಂಗು ಮುಟ್ಟಿ ನೋಡುವ ಕೆಲಸ ಅವರಿಗೆ ಬಿತ್ತು. ಬೇಡವೆನ್ನುವ ಧೈರ್ಯ ಅವರಿಗಿರಲಿಲ್ಲ. ಬೇಡವೆಂದರೆ ಲಕ್ಷ್ಮೇಶ್ವರ, ಅಣ್ಣನ ಮನೆ, ಅತ್ತಿಗೆಯ ಚಟ್ಟುಗ.

"ಕೈ ಎಷ್ಟೊತ್ತು ಇಡಬೇಕು?" ಎಂದು ಆಚಾರ್ರು ಕೇಳಿದರು.

"ನಮ್ಮ ಉಸ್ತಾದ ಹೇಳತಿದ್ದ, ಕೈ ಇಟ್ಟು ನಿಧಾನಕ ಕಲ್ಮಾ ಓದಿ ಮುಗಸಾಕ ಬಂದ್ರ ಬೇರಿಂಗ್ ಚೊಲೋ ಐತಿ ಅಂತ" ಎಂದ ಮರ್ದಾನಸಾಬ.

ಆಚಾರ್ರು ಸ್ವಲ್ಪ ವಿಚಾರ ಮಾಡಿದರು. ಮರುದಿನ ಬೆಳಿಗ್ಗೆ ಶಲ್ಯ ಸೊಂಟಕ್ಕೆ ಬಿಗಿದು, ಬೇರಿಂಗಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಶುರುಮಾಡಿದರು. "ಕೇಶವಾ, ನಾರಾಯಣಾ, ಮಾಧವಾ, ಗೋವಿಂದಾ..." ಸಂಧ್ಯಾವಂದನೆಯಲ್ಲಿ ಹೇಳುವ ಇಪ್ಪತ್ನಾಲ್ಕು ನಾಮಗಳು. ಮೊದಲನೆಯದು ಕೇಶವ, ಕೊನೆಯದು ಶ್ರೀಕೃಷ್ಣ. ಕೃಷ್ಣನವರೆಗೆ ಕೈ ತಡೆದರೆ ಬೇರಿಂಗು ತಂಪು. ನಡುವಿನ ದಾಮೋದರನಿಗೆ ಕೈ ಎದ್ದರೆ ಎಣ್ಣೆ ಹಾಕಬೇಕು. ಗೋವಿಂದನಿಗೇ ಎದ್ದರೆ ಎಂಜಿನ್ನು ನಿಲ್ಲಿಸಬೇಕು. ಅವರು ಒಂದೊಂದು ನಾಮವನ್ನೂ ಗುಡಿಯಲ್ಲಿ ಹೇಳಿದಷ್ಟೇ ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತಿದ್ದರು. ಸುಟ್ಟರೂ ಅವಸರ ಮಾಡಿದವರಲ್ಲ.

ಒಂದು ತಿಂಗಳೊಳಗೆ ಗಿರಣಿಗೆ ಗಿರಣಿಯೇ ಆ ಲೆಕ್ಕ ಕಲಿಯಿತು. ಶೆಡ್ಡಿನಿಂದ ಮರ್ದಾನಸಾಬ "ಆಚಾರ್ರ, ಎಲ್ಲೀಮಟಾ ಬಂತ್ರಿ?" ಎಂದು ಕೂಗುವುದು, ಒಳಗಿನಿಂದ ಆಚಾರ್ರು "ಪದ್ಮನಾಭ!" ಎನ್ನುವುದು, ಹುಲಗಪ್ಪ ಎಣ್ಣೆಯ ಡಬ್ಬಿ ಹಿಡಿದು ಓಡುವುದು. ಸ್ಟೇಶನ್ ರಸ್ತೆಯ ಚಹಾದಂಗಡಿಗೂ ಅದು ಮುಟ್ಟಿತು. "ಏನಪಾ ಇದು, ಚಾ ಕೃಷ್ಣಗ ಹೋಗೇತಿ. ಮತ್ತ ಕಾಸಿ ಮಾಧವಕ್ಕ ತೊಗೊಂಡ ಬಾ" ಎಂದು ಮರ್ದಾನಸಾಬ ಗದರಿದರೆ ಅಂಗಡಿಯವ ಕಣ್ಣು ಕಣ್ಣು ಬಿಡುತ್ತಿದ್ದ. ಮರ್ದಾನಸಾಬನ ಹೆಂಡತಿ ಮೋತಿಬಿ ಮೊಮ್ಮಗನಿಗೆ ನೀರು ಹಾಕುವಾಗ ಕೈ ಅದ್ದಿ "ವಾಮನ ಐತಿ, ನಡೀತೈತಿ" ಅನ್ನುತ್ತಿದ್ದಳಂತೆ.

ಇಷ್ಟರಲ್ಲಿ ನಮ್ಮ ಬುತ್ತಿಯ ಪ್ರಕರಣ ಸುರುವಾಯಿತು. ಹುಲಗಪ್ಪ ಸಣ್ಣಂದಿನಿಂದ ತಂಗಳು ಉಂಡು ಬೆಳೆದವನು. ಒಂದು ದಿನ ಅವನು ತನ್ನ ರೊಟ್ಟಿಯ ಗಂಟನ್ನು ಆ ಬೇರಿಂಗಿನ ಮೇಲಿಟ್ಟು ಮರೆತ. ಮಧ್ಯಾಹ್ನ ಬಿಚ್ಚಿದರೆ ಜೋಳದ ರೊಟ್ಟಿ ಬೆಚ್ಚಗೆ, ಬದನೆಕಾಯಿ ಪಲ್ಯದ ಎಣ್ಣೆ ಕರಗಿ ಘಮಘಮ. ಅವನ ಕಣ್ಣಲ್ಲಿ ನೀರು ಬಂತು. ಮರುದಿನದಿಂದ ನಮ್ಮೆಲ್ಲರ ಬುತ್ತಿಗಳೂ ಅಲ್ಲಿ ಸಾಲಾಗಿ ಕೂತವು. ಆಚಾರ್ರು ಕೈ ಇಡಬೇಕಾದರೆ ಬುತ್ತಿಗಳನ್ನು ಕೋಲಿನಿಂದ ಸರಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಅವರ ಊಟ ಮಡಿಯದು, ಮನೆಗೆ ಹೋಗಿ ಉಣ್ಣುತ್ತಿದ್ದರು. ನಮ್ಮ ಬಿಸಿ ಪಲ್ಯದ ಸುಖ ಅವರಿಗೆ ಗೊತ್ತಿರಲಿಲ್ಲ.

ಪಟ್ಟಾ ಬಿಗಿಯಾದಷ್ಟೂ ಶಾಫ್ಟನ್ನು ಜಗ್ಗುತ್ತದೆ, ಜಗ್ಗಿದಷ್ಟೂ ಬೇರಿಂಗು ಕಾಯುತ್ತದೆ. ಇದನ್ನು ಹುಲಗಪ್ಪನಿಗೆ ಯಾರೂ ಹೇಳಿಕೊಡಲಿಲ್ಲ, ಅವನ ರೊಟ್ಟಿ ಹೇಳಿಕೊಟ್ಟಿತು. ಬಿಸಿ ಕಡಿಮೆ ಅನಿಸಿದಾಗೊಮ್ಮೆ ಪಟ್ಟಾದಿಂದ ಒಂದು ಬೆರಳಗಲ ಚರ್ಮ ಕತ್ತರಿಸಿ ಮತ್ತೆ ಹೊಲಿಯುತ್ತಿದ್ದ.

"ಯಾಕೋ ಇಷ್ಟು ಬಿಗೀತಿ?" ಎಂದು ಆಚಾರ್ರು ಕೇಳಿದರೆ ಅವನ ಉತ್ತರ ಸಿದ್ಧವಿತ್ತು. "ಸಡಲ ಬಿಟ್ರ ಜಾರತೈತ್ರಿ ಆಚಾರ್ರ. ಜಾರಿದ್ರ ಗರಗಸ ನಡುವ ನಿಂದರತೈತಿ."

ಅದೂ ಸುಳ್ಳಲ್ಲ. ಸಡಿಲ ಪಟ್ಟಾ ಜಾರಿ ಸುಟ್ಟ ವಾಸನೆ ಹೊಡೆಯುವುದುಂಟು. ಆದರೆ ಅವನು ಬಿಗಿಯುತ್ತಿದ್ದುದು ಗರಗಸಕ್ಕಾಗಿ ಅಲ್ಲ, ಪಲ್ಯಕ್ಕಾಗಿ ಎಂಬುದು ನಮಗೆಲ್ಲ ಗೊತ್ತಿತ್ತು. ಬಿಸಿ ಊಟದ ವಿರುದ್ಧ ತಕರಾರು ಹೇಳುವವನು ಹರ್ತಿಯಿಂದ ಡಂಬಳದವರೆಗೆ ಹುಡುಕಿದರೂ ಸಿಗುವುದಿಲ್ಲ. ಅಲ್ಲದೆ ಕಾವಲಿಗೆ ಆಚಾರ್ರಿದ್ದರಲ್ಲ, ಅವರು ದಿನಾ ನಾಲ್ಕು ಸಲ ಕೃಷ್ಣನನ್ನು ಮುಟ್ಟಿ ಬರುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಬರಬರುತ್ತ ಬುತ್ತಿಗಳು ಬೆಚ್ಚಗಾಗುವುದು ಬಿಟ್ಟು ಸುಡತೊಡಗಿದವು. ಮೆತ್ತಗಿನ ರೊಟ್ಟಿ ಇಟ್ಟರೆ ಕಟಕಟ ಅನ್ನುವ ರೊಟ್ಟಿ ಬರುತ್ತಿತ್ತು. ನಾವು ಅದನ್ನೂ ಸುಖವೆಂದೇ ಉಂಡೆವು. ಅತ್ತ ಬೆಟಗೇರಿಯಲ್ಲಿ ಸುಂದರಾಬಾಯಿ ನೆರೆಮನೆಯ ಸರಸ್ವತಿಬಾಯಿಯ ಮುಂದೆ ಗಂಡನನ್ನು ಹೊಗಳುತ್ತಿದ್ದಳು. "ಗದಗಿಗೆ ಬಂದ ಮ್ಯಾಲೆ ನಮ್ಮನ್ಯಾವರು ಭಾಳ ಸುಧಾರಿಸ್ಯಾರ. ಒಲಿ ಮ್ಯಾಲಿನ ಅನ್ನದ ಪಾತೇಲಿ ತಾವಽ ಇಳಸ್ತಾರ, ಅರಿವಿ ಸೈತ ಹಿಡಿಯಂಗಿಲ್ಲ" ಎಂದು. ಸರಸ್ವತಿಬಾಯಿ ಮನೆಗೆ ಹೋಗಿ ತನ್ನ ಗಂಡನ ಜೊತೆ ಜಗಳ ತೆಗೆದಳಂತೆ.

ಐವತ್ತಾರರ ದೀಪಾವಳಿ ಸಮೀಪಿಸಿತು. ನವೆಂಬರ್ ಒಂದಕ್ಕೆ ಕನ್ನಡ ಸೀಮೆಗಳೆಲ್ಲ ಒಂದಾಗುತ್ತವೆಂದು ಊರೆಲ್ಲ ಸಂಭ್ರಮ. ಸಂಸ್ಥಾನ, ಮುಂಬಯಿ, ನಿಜಾಮ ಎಂದು ಹಂಚಿಹೋದವರು ಒಂದೇ ಮನೆಯವರಾಗುವ ದಿನ. ಪೇಟೆಯ ಕಮಾನು, ವೇದಿಕೆ ಎಲ್ಲದರ ಕಟ್ಟಿಗೆಯನ್ನು ಹುಚ್ಚೀರಪ್ಪ ಸಾವಕಾರರು ಒಪ್ಪಿಕೊಂಡಿದ್ದರು. ಗಿರಣಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ಓಡುತ್ತಿತ್ತು. ಒಂದು ಮಧ್ಯಾಹ್ನ ಆಚಾರ್ರು ಎಂದಿನಂತೆ ಬುತ್ತಿಗಳನ್ನು ಸರಿಸಿ ಕೈ ಇಟ್ಟರು. ನಾನು ಪಕ್ಕದಲ್ಲೇ ಇದ್ದೆ, ನನ್ನ ಬಲಗಿವಿಯಿಂದ ಕೇಳಿದ್ದೇನೆ. ಕೇಶವನಿಂದ ಶ್ರೀಕೃಷ್ಣನವರೆಗೆ ಒಂದು ನಾಮವನ್ನೂ ನುಂಗದೆ ಹೇಳಿ, "ತಂಪದ" ಎಂದು ಮನೆಗೆ ಊಟಕ್ಕೆ ಹೋದರು.

ಅವರು ಬಾಗಿಲು ದಾಟಿ ಸ್ವಲ್ಪ ಹೊತ್ತಾಗಿರಬೇಕು, ಸುಟ್ಟ ಔಡಲ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಶಾಫ್ಟು ಕಿರ್ರೆಂದು ಕಿರುಚಿತು. ನೋಡಿದರೆ ಬೇರಿಂಗಿನೊಳಗಿನ ಬಿಳಿ ಲೋಹ ಕರಗಿ ಬೆಲ್ಲದ ಪಾಕದಂತೆ ಸುರಿಯುತ್ತಿದೆ, ಕೆಳಗಿನ ಹೊಟ್ಟಿನಿಂದ ಹೊಗೆ ಏಳುತ್ತಿದೆ! ಮರ್ದಾನಸಾಬ ಎಂಜಿನ್ನು ಬಂದ್ ಮಾಡಿದ. ನಾನು ಉಸುಕು ಎರಚಿದೆ. ಹುಲಗಪ್ಪ ಮಾತ್ರ ಮೊದಲು ಬುತ್ತಿಗಳನ್ನು ಕಾಪಾಡಿ, ಆಮೇಲೆ ನೀರು ತಂದ. ಬೆಂಕಿ ಹಬ್ಬಲಿಲ್ಲ, ಆದರೆ ಗಿರಣಿ ನಿಂತಿತು.

ಆಚಾರ್ರು ಊಟ ಮುಗಿಸಿ ಬರುವಷ್ಟರಲ್ಲಿ ಸಾವಕಾರರು ಬಾಗಿಲಲ್ಲೇ ಕಾದಿದ್ದರು.

"ಕೈ ಇಟ್ಟಿದ್ರೇನು ನೀವು?"

"ಇಟ್ಟಿದ್ದೆ ಸಾವಕಾರ್ರ. ಶ್ರೀಕೃಷ್ಣಗ ಮುಟ್ಟಿದ್ದೆ."

"ಸುಳ್ಳ ಹೇಳಬ್ಯಾಡ್ರಿ! ಲೋಹ ಕರಗಿ ನೀರಾಗೇತಿ, ನಿಮ್ಮ ಕೈಗೆ ತಂಪ ಹತ್ತತೈತೇನು? ಗಾಳ್ಯಾಗ ಕೈ ಇಟ್ಟು ದೇವರ ಹೆಸರು ಹೇಳೀರಿ. ನಾಳೆ ಟ್ರಂಕ ಕಟ್ಟಿ ಲಕ್ಷ್ಮೇಶ್ವರಕ್ಕ ನಡೀರಿ."

ನಾನು ಕೇಳಿದ್ದೇನೆಂದು ಸಾಕ್ಷಿ ಹೇಳಿದೆ. ಅರ್ಧ ಕಿವುಡನ ಸಾಕ್ಷಿ ಯಾರಿಗೆ ಬೇಕು? ಆಚಾರ್ರು ಶಲ್ಯ ಕೊಡವಿಕೊಂಡು ಹೊರಟರು. ಕೆಲಸ ಹೋದದ್ದು ಒಂದು ಕಡೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದರೆಂಬ ಮಾತು ಅವರನ್ನು ಹೆಚ್ಚು ಸುಟ್ಟಿತು. ಆ ದಿನದ ಬಿಸಿ ಬುತ್ತಿಯನ್ನು ನಾನು ಬಿಚ್ಚದೆ ಮನೆಗೆ ಒಯ್ದೆ.

ಮನೆಯಲ್ಲಿ ನಡೆದದ್ದನ್ನು ಸುಂದರಾಬಾಯಿ ಆಮೇಲೆ ಹತ್ತಾರು ಸಲ ಹೇಳಿದ್ದಾಳೆ. ಆಚಾರ್ರು ಗೋಡೆಗೆ ಒರಗಿ ಕೂತಿದ್ದರಂತೆ. ಒಲೆಯ ಮೇಲೆ ಹಾಲು ಉಕ್ಕಿತು. ಅವರು ಎದ್ದು, ಏನೋ ಯೋಚನೆಯಲ್ಲಿ, ಬರಿಗೈಯಿಂದ ಪಾತ್ರೆ ಇಳಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ "ಅಣ್ಣನ ಮನಿಗೆ ಯಾವ ಮುಖಾ ಹೊತ್ತು ಹೋಗೋದು?" ಎಂದು ಹೆಂಡತಿಯನ್ನು ಕೇಳುತ್ತ ನಿಂತುಬಿಟ್ಟರು. ಸುಂದರಾಬಾಯಿ ಅವರ ಮುಖ ನೋಡಲಿಲ್ಲ, ಪಾತ್ರೆ ನೋಡಿದಳು.

"ಅಂದ್ರ, ಅದು ಸುಡಂಗಿಲ್ಲೇನು ನಿಮಗ?"

"ಯಾವುದು?" ಎಂದರು ಆಚಾರ್ರು.

ಅವಳು ಪಾತ್ರೆ ಕೆಳಗಿಡಿಸಿ ಅವರ ಅಂಗೈ ಬಿಡಿಸಿ ನೋಡಿದಳು. ಮದುವೆಯಲ್ಲಿ ಧಾರೆ ಎರೆದಾಗ ತನ್ನ ಕೈಗಿಂತ ಮೆತ್ತಗಿದ್ದ ಕೈ. ಈಗ ಮುಟ್ಟಿದರೆ ಗಿಡದ ತೊಗಟೆ ಮುಟ್ಟಿದಂತಿತ್ತು. ಬೆರಳ ಬುಡದಲ್ಲಿ ಹಳದಿ ಜಡ್ಡು. ಇಷ್ಟು ವರ್ಷ ಗಂಡ ಸುಧಾರಿಸಿದನೆಂದು ಊರಿಗೆಲ್ಲ ಹೇಳಿಕೊಂಡು ಬಂದವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಸುಂದರಾಬಾಯಿ ಗಿರಣಿಗೆ ಬಂದಳು. ಎಂದೂ ಆ ಬಾಗಿಲು ದಾಟಿದವಳಲ್ಲ. ಹಿಂದೆ ಆಚಾರ್ರು "ಬ್ಯಾಡಽ, ಸುಮ್ಮನಿರ" ಎಂದು ಗೊಣಗುತ್ತ ಬರುತ್ತಿದ್ದರು. ಅವಳ ಕೈಯಲ್ಲಿ ಮಡಚಿದ ಅರಿವೆಯಲ್ಲಿ ಸುತ್ತಿದ ಹಿತ್ತಾಳೆಯ ತಂಬಿಗೆ. ಸಾವಕಾರರು ಎದ್ದು ನಿಂತರು.

"ಬರ್ರಿ ತಾಯಿ, ಕುಂಡ್ರಿ."

"ಕೂಡ್ಲಿಕ್ಕೆ ಬಂದಿಲ್ಲ. ಇದನ್ನಷ್ಟು ಹಿಡೀರಿ" ಎಂದು ಅರಿವೆ ಸರಿಸಿ ತಂಬಿಗೆ ಕೊಟ್ಟಳು.

ಹೆಣ್ಣುಮಗಳು ಕೊಟ್ಟದ್ದೆಂದು ಸಾವಕಾರರು ಎರಡೂ ಕೈಯಿಂದ ತೆಗೆದುಕೊಂಡರು. ಮರುಕ್ಷಣ "ಅಯ್ಯಯ್ಯಪ್ಪಾ!" ಎಂದು ಕುಣಿದು ಕೈ ಬಿಟ್ಟರು. ಅವಳು ಇದನ್ನು ಮೊದಲೇ ಬಲ್ಲವಳಂತೆ ಅರಿವೆಯಲ್ಲಿ ತಂಬಿಗೆ ಹಿಡಿದುಕೊಂಡಳು, ನೆಲಕ್ಕೆ ತುಸು ಕುದಿನೀರು ಚೆಲ್ಲಿತು ಅಷ್ಟೆ. ಅದನ್ನೇ ಗಂಡನ ಕೈಗೆ ಕೊಟ್ಟಳು.

"ಹೇಳ್ರಿ ನಿಮ್ಮ ನಾಮ."

ಆಚಾರ್ರು ಸಂಕೋಚದಿಂದ ಸುತ್ತ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಕೇಶವ, ನಾರಾಯಣ, ಮಾಧವ. ಎಂಜಿನ್ನು ನಿಂತಿತ್ತು, ಗರಗಸ ನಿಂತಿತ್ತು. ಆ ಗಿರಣಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಮೊದಲ ಸಲ ಕೇಳಿದೆ. ದಾಮೋದರ ದಾಟಿತು, ಪುರುಷೋತ್ತಮ ದಾಟಿತು. ಶ್ರೀಕೃಷ್ಣ ಎಂದು ಮುಗಿಸಿ ಆಚಾರ್ರು ಕಣ್ಣು ತೆರೆದು, ತಂಬಿಗೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ನೋಡಿದ್ರಿಲ್ಲೋ?" ಎಂದಳು ಸುಂದರಾಬಾಯಿ. "ನಮ್ಮನ್ಯಾವರು ಸುಳ್ಳು ಹೇಳಿಲ್ಲ. ನೀವು ಇವರನ್ನ ಇಟ್ಕೊಂಡದ್ದು ಇವರ ಕೈ ಜೀವಂತ ಅದ ಅಂತ. ಆ ಕೈಯನ್ನ ನಿಮ್ಮ ಗಿರಣಿ ತಿಂದದ. ಈಗ ತಿಳಿಯಂಗಿಲ್ಲ ಅಂತ ಹೊರಗ ಹಾಕ್ತೀರೇನು?"

ಮರ್ದಾನಸಾಬ ಮುಂದೆ ಬಂದು ಆಚಾರ್ರ ಅಂಗೈ ಮುಟ್ಟಿ ನೋಡಿದ. ತನ್ನ ಅಂಗೈ ಪಕ್ಕಕ್ಕಿಟ್ಟು ನೋಡಿದ. "ಯಾ ಅಲ್ಲಾ, ಆಚಾರ್ರ, ನೀವೂ ನಮ್ಮ ಪೈಕಿ ಆದ್ರಲ್ಲರಿ!" ಎಂದು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಹುಲಗಪ್ಪ ತಲೆ ತಗ್ಗಿಸಿ ನಿಂತವನು, ಪಟ್ಟಾದ ಬಿಗಿ, ಬುತ್ತಿ, ಪಲ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟ. ಸಾವಕಾರರು ಅವನನ್ನು ಬೈಯಲು ಬಾಯಿ ತೆರೆದರು. ಆದರೆ ಕೆಂಪಾದ ತಮ್ಮ ಅಂಗೈಯನ್ನು ಊದಿಕೊಳ್ಳುವುದರಲ್ಲಿ ಬೈಗುಳ ತಪ್ಪಿಹೋಯಿತು.

"ಆಚಾರ್ರ, ನಿಮ್ಮ ಮ್ಯಾಲ ಸುಳ್ಳು ಹೊರಿಸಿದೆ. ತಪ್ಪಾತ್ರಿ" ಎಂದರು ಕೊನೆಗೆ. "ಕೆಲಸಾ ನಿಮ್ಮದಽ. ಆದ್ರ ಇನ್ನ ಮ್ಯಾಲೆ ಬೇರಿಂಗ್ ಯಾರು ನೋಡಬೇಕ್ರಿ? ಜೀವಂತ ಕೈ ಎಲ್ಲಿಂದ ತರೋದು?"

ಎಲ್ಲರೂ ಸಾವಕಾರರ ಕೈಯನ್ನೇ ನೋಡುತ್ತಿದ್ದೆವು. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೆಳೆದ ಕೈ, ಬೆಳ್ಳಗೆ, ಉಬ್ಬಿದ ಪೂರಿಯಂತಿತ್ತು. ಅವರಿಗೂ ತಿಳಿಯಿತು, ಥಟ್ಟನೆ ಧೋತರದ ಹಿಂದೆ ಮುಚ್ಚಿಕೊಂಡರು.

"ಗಿರಣಿ ನಿಮ್ಮದಽ ಅಲ್ಲೇನ್ರಿ" ಎಂದಳು ಸುಂದರಾಬಾಯಿ, ಖಾಲಿ ಅರಿವೆ ಮಡಚುತ್ತ.

ಮರ್ದಾನಸಾಬ ಹೊಸ ಲೋಹ ಎರಕ ಹೊಯ್ದ. ಹುಲಗಪ್ಪ ಕತ್ತರಿಸಿದಷ್ಟು ಚರ್ಮವನ್ನು ಮತ್ತೆ ಕೂಡಿಸಿ ಪಟ್ಟಾ ಸಡಿಲಿಸಿದ. ಆ ದಿನದಿಂದ ನಮ್ಮ ಬುತ್ತಿ ತಣ್ಣಗಾಯಿತು. ಹುಲಗಪ್ಪ ತಿಂಗಳುಗಟ್ಟಲೆ ಸೂತಕದವರ ಹಾಗೆ ಉಂಡ. ಕಟ್ಟಿಗೆ ವೇಳೆಗೆ ಸರಿಯಾಗಿ ಹೋಯಿತು, ನವೆಂಬರ್ ಒಂದರಂದು ಪೇಟೆಯಲ್ಲಿ ಕಮಾನು ನಿಂತಿತು. ಆಚಾರ್ರು ಹೆಂಡತಿಯನ್ನು ಕರೆದುಕೊಂಡು ನೋಡಲು ಬಂದಿದ್ದರು. ಸಂಸ್ಥಾನ ಮುಳುಗಿದಾಗ ಕೆಲಸ ಕಳೆದುಕೊಂಡ ಮನುಷ್ಯ, ನಾಡು ಕೂಡಿದ ದಿನ ಕೆಲಸ ಉಳಿಸಿಕೊಂಡು ಆ ಕಮಾನಿನ ಕೆಳಗೆ ನಿಂತಿದ್ದರು. ಕಂಬದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ನನಗೆ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವ ಕಾರಣವಿಲ್ಲ.

ಮುಂದೆ ಗಿರಣಿಗೆ ವಿದ್ಯುತ್ತು ಬರುವವರೆಗೆ ಬೇರಿಂಗು ಇನ್ನೊಮ್ಮೆ ಕರಗಲಿಲ್ಲ. ದಿನಾ ನಾಲ್ಕು ಸಲ ಸಾವಕಾರರು ಮುಖ ಸಿಂಡರಿಸಿಕೊಂಡು ಶಾಫ್ಟಿನ ಹತ್ತಿರ ಬರುತ್ತಿದ್ದರು. ಪಕ್ಕದಲ್ಲಿ ಆಚಾರ್ರು ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರು. ಕೈ ಇಡುವುದು ಸಾವಕಾರರು, ನಾಮ ಹೇಳುವುದು ಆಚಾರ್ರು. ಮೊದಲ ದಿನವೇ ಸಾವಕಾರರ ಹಣೆ ಬೆವೆತಿತ್ತು. ಆಚಾರ್ರು ಕಣ್ಣು ಮುಚ್ಚಿ, ಗುಡಿಯಲ್ಲಿ ನಿಂತವರಂತೆ, "ಕೇಶವಾ... ನಾರಾಯಣಾ..." ಎಂದು ಎಳೆದರು.

"ಆಚಾರ್ರ, ಸ್ವಲ್ಪ ಜಲ್ದಿ ಹೇಳ್ರಿ!" ಎಂದರು ಸಾವಕಾರರು ಹಲ್ಲು ಕಚ್ಚಿ.

ಆಚಾರ್ರು ಕಣ್ಣು ತೆರೆಯಲಿಲ್ಲ. "ದೇವರ ಹೆಸರು ಸಾವಕಾರ್ರ" ಎಂದರು. "ಜಲ್ದಿ ಹೇಳ್ಲಿಕ್ಕೆ ಬರಂಗಿಲ್ಲ."